ರಂಗೋಲಿ ಬಿಡುವ ಊರಿನಲ್ಲಿ

ದೀಪಾವಳಿಯ ಹಿಂದಿನ ಸಂಜೆ. ಹೊಸ ತಿಪ್ಪಸಂದ್ರದ ನಮ್ಮ ವಠಾರದ ಅಂಗಳದಲ್ಲಿ ಮನೆಯೊಡತಿ ಸರೋಜಮ್ಮ, ಅವರ ಮೊಮ್ಮಗಳು ಪಲ್ಲವಿ, ಪಕ್ಕದ ಕೋಣೆಯ ಹುಡುಗಿ ಸೆಲ್ವಿ, ನನ್ನ ಮಗಳು ನಾಗಿ. ಬಟ್ಟೆ ಒಣಹಾಕುತ್ತ ನಾನು. ಒಂದೇ ಅಂಗಳಕ್ಕೆ ಬಾಗಿಲು ತೆರೆಯುವ ಬಾಡಿಗೆ ಕೋಣೆಗಳಿಗೆ ಇಲ್ಲಿ ವಠಾರ ಎನ್ನುತ್ತಾರೆ. ಸರೋಜಮ್ಮ ಮಕ್ಕಳಿಗೆ ಹೇಳಿದರು: “ನಾಳೆ ಬೆಳಿಗ್ಗೆ ಎಲ್ರೂ ಸ್ನಾನ ಮಾಡ್ಕೊಂಡು ಬಂದು ಇಲ್ಲಿ ರಂಗೋಲಿ ಬಿಡ್ಬೇಕು. ಗೊತ್ತಾಯ್ತಾ?”

ನನ್ನ ಕೈಯಲ್ಲಿದ್ದ ಹಸಿ ಸೀರೆ ಹಾಗೇ ಉಳಿಯಿತು. ಬಿಡಬೇಕು? ನಮ್ಮ ರಾಯಚೂರು ಸೀಮೆಯಲ್ಲಿ ಜನ ಬೀಡಿ ಬಿಡುತ್ತಾರೆ, ಶಾಲೆ ಬಿಡುತ್ತಾರೆ, ಸಿಟ್ಟು ಬಂದರೆ ಗಂಡನ ಮನೆಯನ್ನೂ ಬಿಡುತ್ತಾರೆ. ದೊಡ್ಡ ಹಬ್ಬದ ದಿನ ರಂಗೋಲಿಯನ್ನೇ ಬಿಟ್ಟು ಬಾಗಿಲು ಬರಿದಾಗಿಡುವವರನ್ನು ನಾನು ಕಂಡಿರಲಿಲ್ಲ.

ನನಗೆ ಚಿಂತೆಯಾದದ್ದು ನಾಗಿಗಾಗಿ. ಊರಿನಲ್ಲಿ ಓಣಿಗೆಲ್ಲ ಕೇಳುವಂತೆ ಮಾತಾಡುತ್ತಿದ್ದ ಹುಡುಗಿ, ಬೆಂಗಳೂರಿಗೆ ಬಂದಮೇಲೆ ಮೂಕಿಯಾಗಿದ್ದಳು. ಅವಳು ಬಾಯಿ ತೆರೆದರೆ ಇಲ್ಲಿಯ ಮಕ್ಕಳು ನಗುತ್ತಿದ್ದರು. ನೀರಿನ ತೊಟ್ಟಿಯ ಹಿಂದೆ ಕೂತು ಇದ್ದಿಲಿನಲ್ಲಿ ದೀಪದ ರಂಗೋಲಿಯನ್ನು ಒಬ್ಬಳೇ ರೂಢಿ ಮಾಡಿದ್ದಳು. ಈ ಹಬ್ಬಕ್ಕಾದರೂ ಆ ಹುಡುಗಿಯರ ಸಾಲಿನಲ್ಲಿ ಅವಳಿಗೊಂದು ಜಾಗ ಸಿಗಲಿ ಎಂದು ನನ್ನ ಆಸೆ.

ಧೈರ್ಯ ಮಾಡಿದೆ. “ಬಿಡೋದ್ಯಾಕ್ರಿ ಅಕ್ಕಾರ? ನಮ್ಮ ನಾಗಿ ಮುಂಜಾನಿ ಎದ್ದು ಎಲ್ಲಾ ರಂಗೋಲಿ ತೆಗೀತಾಳ್ರಿ.”

ಸರೋಜಮ್ಮ ಕಣ್ಣು ಬಿಟ್ಟರು. “ಏನಂದ್ರಿ? ಮಕ್ಳು ಬಿಟ್ಟಿದ್ದನ್ನ ನಿಮ್ಮ ಹುಡುಗಿ ತೆಗೀತಾಳಾ? ಹಬ್ಬದ ದಿನಾನಾ?”

“ಹೂನ್ರಿ, ಒಂದೂ ಉಳಿಸಂಗಿಲ್ಲ. ಆಕಿ ಕೈ ಭಾಳ ಚುರುಕೈತ್ರಿ.”

“ಚೆನ್ನಾಗಿದೆ ಕಣ್ರೀ! ಇಷ್ಟ ಇಲ್ದಿದ್ರೆ ಅವಳನ್ನ ಕಳಿಸ್ಲೇಬೇಡಿ” ಎಂದವರೇ ಒಳಗೆ ಹೋದರು. ಪಲ್ಲವಿ ಕಳ್ಳಿಯನ್ನು ನೋಡುವ ಹಾಗೆ ನಾಗಿಯನ್ನು ನೋಡಿದಳು.

ನನ್ನ ಗಂಡ ದೊಮ್ಮಲೂರಿನ ಕಡೆ ಗಾರೆ ಕೆಲಸ ಮುಗಿಸಿ ಬಂದಾಗ ಹೇಳಿದೆ. “ಊರಾಗಿದ್ದಂಗ ಮಾತಾಡಬ್ಯಾಡ ಅಂದಿದ್ದಿಲ್ಲೇನು? ಖೋಲಿ ಖಾಲಿ ಮಾಡ್ರಿ ಅಂದ್ರ ಎಲ್ಲಿ ಹೋಗೋದು?” ಎಂದು ಅವರು ತಲೆಯ ಮೇಲೆ ಕೈಯಿಟ್ಟರು.

ಬೆಳಿಗ್ಗೆ ಎಣ್ಣೆ ನೀರು ಹಾಕಿಸಿಕೊಂಡು, ಹೊಸ ಫ್ರಾಕು ತೊಟ್ಟು ನಾಗಿ ಕಿಟಕಿಗೆ ಅಂಟಿಕೊಂಡಳು. ಹೊರಗೆ ನೋಡಿದರೆ ಪಲ್ಲವಿ, ಸೆಲ್ವಿ ಚುಕ್ಕಿ ಇಟ್ಟು ರಂಗೋಲಿ ಹಾಕುತ್ತಿದ್ದಾರೆ! “ಅವ್ವಾ, ನಮಗ ಬಿಡು ಅಂದು ತಾವು ಹಾಕಾಕ್ಹತ್ಯಾರ” ಎಂದಳು. ನನಗೆ ಅಳು ಬಂತು.

ಅಷ್ಟರಲ್ಲಿ ಸೆಲ್ವಿಯ ತಾಯಿ ಒಂದು ತಟ್ಟೆ ಮುರುಕು ಹಿಡಿದು ಬಂದಳು. ಹಲಸೂರಿನಲ್ಲಿ ಹುಟ್ಟಿ ಬೆಳೆದ ತಮಿಳಿನವಳು. ರಂಗೋಲಿಗೆ ಕೋಲ ಎನ್ನುವವಳು. “ಏನಮ್ಮಾ, ಪಾಪು ಒಳಗೇ ಇದೆ? ಕೋಲ ಹಾಕಕ್ಕೆ ಕಳ್ಸಿಲ್ವಾ?”

ನಡೆದದ್ದನ್ನು ಹೇಳಿದೆ. ತಟ್ಟೆ ಅಲುಗಾಡುವಷ್ಟು ನಕ್ಕಳು. “ಅಯ್ಯಯ್ಯೋ, ರಂಗೋಲಿ ಬಿಡು ಅಂದ್ರೆ ಹಾಕು ಅಂತಮ್ಮಾ! ನೀನು ತೆಗೀತಾಳೆ ಅಂದ್ಯಾ? ತೆಗಿ ಅಂದ್ರೆ ಇಲ್ಲಿ ಅಳಿಸೋದು!”

ನಮ್ಮ ಕಡೆ ಚಿತ್ರವನ್ನೂ ತೆಗೆಯುತ್ತೇವೆ, ರಂಗೋಲಿಯನ್ನೂ ತೆಗೆಯುತ್ತೇವೆ. ತೆಗೆದಮೇಲೇ ಅದು ನೆಲದ ಮೇಲೆ ಕಾಣಿಸುವುದು. ಎರಡು ಕನ್ನಡಗಳ ನಡುವೆ ತಮಿಳಿನವಳೊಬ್ಬಳು ದುಭಾಷಿಯಾಗಿ, ನನ್ನ ಕೈ ಹಿಡಿದು ಸರೋಜಮ್ಮನ ಮುಂದೆ ನಿಲ್ಲಿಸಿದಳು.

“ಅಯ್ಯೋ ದೇವ್ರೇ, ರಾತ್ರಿಯೆಲ್ಲ ನಿಮ್ಮನ್ನ ಬೈಕೊಂಡೆ ಕಣ್ರೀ” ಎಂದರು ಸರೋಜಮ್ಮ.

“ನಾನೂ ಬೈದೀನ್ರಿ ಅಕ್ಕಾರ.”

ಅವರೇ ನಾಗಿಯನ್ನು ಅಂಗಳಕ್ಕೆ ಕರೆದು, ಅವಳ ಪಕ್ಕ ಕುಕ್ಕರಗಾಲಿನಲ್ಲಿ ಕೂತರು. ಊರಿನಲ್ಲಿ ಸಗಣಿ ಸಾರಿಸಿದ ನೆಲ ಪುಡಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಇಲ್ಲಿಯ ಸಿಮೆಂಟಿನ ಮೇಲೆ ಗಾಳಿ ಬೀಸಿದರೂ ಜಾರುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ, ಮೊದಲು ಸೀಮೆಸುಣ್ಣದಲ್ಲಿ ಗೆರೆ ಎಳೆದು, ಆಮೇಲೆ ಪುಡಿ ಬಿಡುವುದನ್ನು ತೋರಿಸಿಕೊಟ್ಟರು. ನಾಗಿಯ ದೀಪ ಮಕ್ಕಳು ಹಾಕುವಂಥದ್ದೇ: ಕೆಳಗೆ ಅರ್ಧಚಂದ್ರ, ಮೇಲೆ ನೀರಿನ ಹನಿಯಂಥ ಉರಿ, ಸುತ್ತ ಚುಕ್ಕಿ. ಆದರೆ ಅದನ್ನು ಒಂದೇ ಗೆರೆಯಲ್ಲಿ, ಕೈ ಎತ್ತದೆ ಮುಗಿಸಿದಳು.

“ಏ, ನಂಗೂ ಹೇಳ್ಕೊಡೇ” ಎಂದಳು ಪಲ್ಲವಿ.

“ಇಲ್ಲಿಂದ ಹಿಂಗ ತೆಗೀಬೇಕು ನೋಡು.”

“ತೆಗೀಬೇಕಂತೆ!” ಎಂದು ಹುಡುಗಿಯರು ನಕ್ಕರು. ಈ ಸಲ ನಾಗಿಯೂ ನಕ್ಕಳು. ನಾನು ಒಳಗೆ ಹೋಗಿ ಒಲೆಯ ಮುಂದೆ ಸುಮ್ಮನೆ ಕೂತೆ. ಅಂಗಳದಿಂದ ಅವಳ ದನಿ ಊರಿನಲ್ಲಿದ್ದಷ್ಟೇ ಜೋರಾಗಿ ಕೇಳುತ್ತಿತ್ತು.

ಕೆಲವು ವರ್ಷಗಳಾದ ಮೇಲೆ ಸರೋಜಮ್ಮನ ಯಜಮಾನರು ತೀರಿಕೊಂಡರು. ವರ್ಷ ತುಂಬಿರಲಿಲ್ಲವಾದ್ದರಿಂದ ಆ ಮನೆಗೆ ಹಬ್ಬವಿರಲಿಲ್ಲ. ನಾವು ದೀಪಾವಳಿಗೆ ಊರಿಗೆ ಹೋಗಲು ಬಸ್ಸಿನ ಸೀಟು ಹಿಡಿದಿದ್ದೆವು. ಸರೋಜಮ್ಮ ನಾಗಿಯನ್ನು ಕರೆದು, “ನಮ್ಮ ಬಾಗಿಲಿಗೆ ಬೇಡ ಕಣಮ್ಮಾ. ಗೇಟಿನ ಮುಂದೆ ನೀನು ಬಿಡ್ತೀಯಾ? ನಾಲ್ಕು ಸಂಸಾರ ಇರೋ ಜಾಗ, ಬರಿದಾಗಿರಬಾರ್ದು” ಎಂದರು. ನಾಗಿ ನನ್ನ ಮುಖ ನೋಡಿದಳು.

ಬೂತಿನಿಂದ ನಮ್ಮ ಅವ್ವನಿಗೆ ಫೋನು ಮಾಡಿದೆ. ಸರೋಜಮ್ಮ ಕೇಳಿದ್ದನ್ನು ಹೇಳಿದೆ. “ಇಲ್ಲಿ ರಂಗೋಲಿ ತೆಗ್ಯಾಕ ನಿನ್ನ ತಮ್ಮನ ಮಕ್ಳು ಅದಾವ. ನೀವು ಅಲ್ಲೇ ಇರ್ರಿ” ಎಂದಳು.

ಹಬ್ಬದ ಮುಂಜಾನೆ ನಾನು ಗೇಟಿನ ಮುಂದೆ ನೀರು ಹಾಕಿ ಒರೆಸಿಕೊಟ್ಟೆ. ನಾಗಿ ಚುಕ್ಕಿ ಇಡತೊಡಗಿದಳು. ನಾವು ಹತ್ತಬೇಕಿದ್ದ ಬಸ್ಸು ಅಷ್ಟು ಹೊತ್ತಿಗೆ ರಾಯಚೂರು ಮುಟ್ಟಿತ್ತು.