ನಾರಾಯಣಪೇಟೆಗೆ ಒಯ್ದ ಖಾಲಿ ಸೂಟ್‌ಕೇಸು

ರಾಯಚೂರಿನಿಂದ ಬೆಳಗಿನ ಪ್ಯಾಸೆಂಜರ್ ರೈಲಿಗೆ ಗದ್ವಾಲಕ್ಕೆ ಹೊರಟಾಗ ನನ್ನ ಬಳಿ ಇದ್ದದ್ದು ಉಪನ್ಯಾಸದ ಚಿತ್ರಗಳಿದ್ದ ಒಂದು ಚೀಲ ಮತ್ತು ಒಂದು ಖಾಲಿ ಸೂಟ್‌ಕೇಸು. ಗದ್ವಾಲದ ಶಿಕ್ಷಕರ ಕೂಟವೊಂದಕ್ಕೆ ಹೀಬ್ರೂ ಧರ್ಮಗ್ರಂಥದ ಹಿಂದಿನ ಚರಿತ್ರೆಯನ್ನು ಹೇಳಬೇಕಿತ್ತು. ಅದು ಮುಗಿದ ಮೇಲೆ ನಾರಾಯಣಪೇಟೆಗೆ ಹೋಗಿ, ಸೀರೆ ನೇಯ್ದುಕೊಂಡು ಒಬ್ಬಳೇ ಇರುವ ನನ್ನ ಅಕ್ಕ ನೀಲಕ್ಕನನ್ನು ರಾಯಚೂರಿನ ನಮ್ಮ ಮನೆಗೆ ಕರೆತರುವುದಿತ್ತು. ಸೂಟ್‌ಕೇಸು ಅವಳ ಬಟ್ಟೆಗಳಿಗೆ. ಬಚ್ಚಲಲ್ಲಿ ಜಾರಿ ಬಿದ್ದಂದಿನಿಂದ ಅಕ್ಕನ ಮೊಣಕಾಲು ಸರಿಯಿಲ್ಲ. ಕರೆದಾಗಲೆಲ್ಲ “ಮಗ್ಗದ ಮ್ಯಾಗಿನ ಸೀರಿ ಇಳೀಲಿ, ಬರತೀನಿ” ಎನ್ನುತ್ತಿದ್ದಳು. ಈ ಸಲ ಸೀರೆ ಇಳಿಯುವ ದಿನವನ್ನು ಕೇಳಿಕೊಂಡೇ ಹೊರಟಿದ್ದೆ.

ಗದ್ವಾಲದಲ್ಲಿ ಬಿಸಿಲು ಜೋರಿತ್ತು, ಸಭೆ ಸಣ್ಣದಿತ್ತು. ಆ ಗ್ರಂಥ ಹುಟ್ಟಿದ ನಾಡಿನ ಸುಟ್ಟ ಮನೆಗಳ ಉತ್ಖನನದಲ್ಲಿ ಸಿಕ್ಕ, ತೂತಿರುವ ಮಣ್ಣಿನ ಗುಂಡುಗಳ ಚಿತ್ರ ತೋರಿಸಿದೆ. ಮಗ್ಗದ ಎಳೆಗಳನ್ನು ಜಗ್ಗಿ ಹಿಡಿಯಲು ಕಟ್ಟುತ್ತಿದ್ದ ಗುಂಡುಗಳವು. ಮರವೂ ಬಟ್ಟೆಯೂ ಸುಟ್ಟುಹೋಗಿ ಅವಷ್ಟೇ ಸಾಲಾಗಿ ಉಳಿದಿವೆ. ಹಾಗೆಯೇ ಯೆರೂಸಲೇಮಿನ ಒಬ್ಬ ರಾಜನ ಸಂಗತಿ ಹೇಳಿದೆ. ಅಸ್ಸೀರಿಯಾದ ದಂಡು ಬರುವ ಮುಂಚೆ ಬಂಡೆ ಕೊರೆಸಿ ಊರೊಳಕ್ಕೆ ನೀರು ತಂದವನು. ಕಾಯಿಲೆ ಬಿದ್ದಾಗ, ನೇಕಾರ ಮಗ್ಗದಿಂದ ಬಟ್ಟೆ ಕತ್ತರಿಸುವಂತೆ ತನ್ನ ಆಯುಷ್ಯ ಕತ್ತರಿಸಿಹೋಯಿತೆಂದು ಅತ್ತವನು.

“ಆ ರಾಜ ಖರೇನ ಇದ್ದನೇನ್ರಿ ಸರ್?” ಎಂದು ಒಬ್ಬ ಮೇಷ್ಟ್ರು ಕೇಳಿದರು.

ಅಸ್ಸೀರಿಯಾದ ದೊರೆಯ ಶಾಸನದಲ್ಲೇ ಅವನ ಹೆಸರಿದೆ, ಅವನನ್ನು ಊರೊಳಗೆ ಕೂಡಿಹಾಕಿದ್ದಾಗಿ ಬರೆದಿದೆ, ಊರು ಗೆದ್ದದ್ದಾಗಿ ಬರೆದಿಲ್ಲ ಎಂದೆ.

“ವೈರೀನೇ ಸಾಕ್ಷಿ ಹೇಳಿದ ಮ್ಯಾಲ ಒಪ್ಪಬೇಕ್ರಿ. ಆ ಪೆಟ್ಟಿಗ್ಯಾಗ ಏನೈತ್ರಿ, ಹಳೇ ಸಾಮಾನೇನ್ರಿ?”

“ಇನ್ನೂ ಏನಿಲ್ರಿ” ಎಂದೆ.

ಮಧ್ಯಾಹ್ನದ ಬಸ್ಸು ಜುರಾಲ ಅಣೆಕಟ್ಟು ದಾಟಿ ಮಕ್ತಲಕ್ಕೆ ತಂದುಬಿಟ್ಟಿತು. ಮಿರ್ಚಿ ಬಜ್ಜಿ ಬಿಸಿಯಿತ್ತು, ಚಹಾಕ್ಕೆ ಸಕ್ಕರೆ ವಿಪರೀತ. ಅಲ್ಲಿಂದ ಬೇರೆ ಬಸ್ಸು ಹಿಡಿದು ನಾರಾಯಣಪೇಟೆಗೆ ಬಂದಾಗ ಸಂಜೆಯಾಗಿತ್ತು. ಅಕ್ಕ ಗುಂಡಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತಿದ್ದಳು. ಸೂಟ್‌ಕೇಸು ನೋಡಿ ಮತ್ತೆ ಲಾಳಿ ಹೊಡೆದಳು. ರೊಟ್ಟಿ, ಪುಂಡಿಪಲ್ಲೆ ಉಣ್ಣುತ್ತ ಅವಳಿಗೂ ರಾಜನ ಕಥೆ ಹೇಳಿದೆ.

“ಸತ್ತನೇನು?”

“ಇಲ್ಲ, ಆರಾಮಾಗಿ ಮತ್ತ ಬಾಳ ವರ್ಷ ಬದುಕಿದ.”

ಬೆಳಿಗ್ಗೆ ಮಗ್ಗಕ್ಕೆ ಊದುಬತ್ತಿ ಬೆಳಗಿ ಅಕ್ಕ ಸೀರೆ ಕತ್ತರಿಸಿದಳು. ನಾನು ಸೂಟ್‌ಕೇಸು ತೆರೆದೆ. ಅವಳು ಬಾಗಿಲ ಹಿಂದಿದ್ದ ಹೊಸ ಹಾಸನ್ನು, ಮುಂದಿನ ಸೀರೆಯ ಉದ್ದನೆಯ ಎಳೆಗಳ ಸುರುಳಿಯನ್ನು ಎಳೆತಂದು, ಬೆರಳಿಗೆ ಬೂದಿ ಹಚ್ಚಿಕೊಂಡು, ಮಗ್ಗದಲ್ಲಿ ಉಳಿದಿದ್ದ ತುದಿಗಳಿಗೆ ಒಂದೊಂದೇ ಎಳೆ ಹೊಸೆಯತೊಡಗಿದಳು. ನೇಕಾರರ ಮನೆಯಲ್ಲಿ ಮಗ್ಗವನ್ನು ಬರಿದು ಮಾಡುವುದಿಲ್ಲ. ಹಳೆಯ ತುದಿಗೆ ಹೊಸ ಹಾಸು ಸೇರಿಸುತ್ತಲೇ ಹೋಗುತ್ತಾರೆ. ಆ ಮನೆಯಲ್ಲೇ ಹುಟ್ಟಿದ ನಾನು ಸೀರೆ ಇಳಿದರೆ ಕೆಲಸ ಮುಗಿಯಿತೆಂದು ನಂಬಿಕೊಂಡಿದ್ದೆ. ಸಿಟ್ಟು ನೆತ್ತಿಗೇರಿತು.

“ಹಿಂಗಾದ್ರ ನೀ ಯಾವಾಗ ಬರಾಕಿ ಅಕ್ಕ?”

“ದಂಡು ಬರತೈತಿ ಅಂದಾಗ ನಿನ್ನ ರಾಜ ಏನು ಮಾಡಿದ ಅಂದಿ?”

“ಬಂಡೆ ಕೊರಸಿ ನೀರು ತಂದ.”

“ಓಡಿ ಹೋಗಾಂವ ನೀರು ಯಾಕ ತರತಿದ್ದ? ನಾನೂ ಬಚ್ಚಲದಾಗ ಹಿಡಕೊಳ್ಳಾಕ ಪೈಪು ಹಾಕಿಸೀನಿ. ಹೋಗಿ ನೋಡು.”

ಹೋಗಿ ನೋಡಿದೆ. ಗೋಡೆಗೆ ಸಿಮೆಂಟು ಮೆತ್ತಿ ಕೂರಿಸಿದ ಕಬ್ಬಿಣದ ಪೈಪು. ಎರಡೂ ಕೈಯಲ್ಲಿ ಹಿಡಿದು ಜಗ್ಗಿದೆ. ಜಪ್ಪಯ್ಯ ಎಂದರೂ ಅಲುಗಲಿಲ್ಲ. ಅದು ಸಡಿಲವಿರಲಿ ಎಂದೇ ನಾನು ಬಯಸಿದ್ದೆ. ಬಹಳ ಬೇಜಾರಾಯಿತು.

ಹೊರಡುವಾಗ ಅಕ್ಕ ಹೇಳಿದಳು: “ಇಲ್ಲಿ ಹೆಂಗಸರಿಗೆ ಬಸ್ಸು ಫ್ರೀ ಐತಿ. ಗಡಿ ಹತ್ರದ ಕೃಷ್ಣಾ ಸ್ಟೇಷನ್ ತನಕ ಬರತೀನಿ, ಆಚಿಗೆ ನೀ ಬಂದು ಕರಕೊಂಡು ಹೋಗು. ಸೂಟ್‌ಕೇಸು ಇಲ್ಲೇ ಇರಲಿ, ಬರೋ ಮುಂದ ಬೇಕಾಗತೈತಿ.”

ಆ ಮಾತಿಗೆ ಮನಸ್ಸು ಹಗುರಾಗಿ ಅದನ್ನು ಅಲ್ಲೇ ಬಿಟ್ಟೆ. ಓಣಿಯ ತಿರುವಿನಲ್ಲಿ ಹಿಂದಿರುಗಿ ನೋಡಿದೆ. ತೆರೆದ ಬಾಗಿಲೊಳಗೆ ಮಗ್ಗದ ಪಕ್ಕ ಸೂಟ್‌ಕೇಸು ಬಾಯಿ ತೆರೆದುಕೊಂಡಿತ್ತು. ಅಕ್ಕ ಅದರೊಳಗೆ ಮುಂದಿನ ಸೀರೆಯ ನೂಲಿನ ಲಡಿಗಳನ್ನು ಜೋಡಿಸುತ್ತಿದ್ದಳು.