ಚಿಕ್ಕತಾಯಮ್ಮ ಕಾದ ರಿಪೋರ್ಟು

ಚಿಕ್ಕತಾಯಮ್ಮನವರೇ, ಮಂಡ್ಯದ ಆಸ್ಪತ್ರೆಯಲ್ಲಿ ನೀವು ಕಾಯುತ್ತ ಕೂತಿದ್ದ ರಿಪೋರ್ಟು ಬರುವಂಥದ್ದೇ ಆಗಿರಲಿಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಾಳೆ ಬರುತ್ತದೆ ಅಂದೆ.

ನಿಮ್ಮ ಯಜಮಾನರಾದ ಸಿದ್ದೇಗೌಡರನ್ನು ಮಳವಳ್ಳಿಯಿಂದ ಕರೆತಂದಾಗ ಅವರಿಗೆ ಮಲಗಲೂ ಆಗುತ್ತಿರಲಿಲ್ಲ. ಹೃದಯ ಸೋತು ಶ್ವಾಸಕೋಶದಲ್ಲಿ ನೀರು ತುಂಬಿತ್ತು. ನಾನು ಚಿಕಿತ್ಸೆಯ ಡಾಕ್ಟರಲ್ಲ — ಸಂಶೋಧನೆಯವಳು. ಹೃದಯ ಹೀಗೆ ಏಕಾಏಕಿ ಸೋತಾಗ ರಕ್ತದಲ್ಲಿ ಮೈಕ್ರೋ ಆರ್‌ಎನ್‌ಎ ಎಂಬ ಅಣುಗಳು ಹೆಚ್ಚುಕಡಿಮೆಯಾಗುತ್ತವೆ. ಯಾರಿಗೆ ಅಪಾಯ ಹೆಚ್ಚು ಎಂದು ಅವು ಮುಂದೊಂದು ದಿನ ಹೇಳಬಹುದೇ — ಬಹುದೇ, ಅಷ್ಟೇ — ಎಂದು ನೋಡುವುದು ನಮ್ಮ ಕೆಲಸ. ರಕ್ತವನ್ನು ಫ್ರೀಜರಿನಲ್ಲಿಟ್ಟು, ಎಲ್ಲರದೂ ಸೇರಿದ ಮೇಲೆ, ತಿಂಗಳುಗಳಾಚೆ ಒಟ್ಟಿಗೆ ಪರೀಕ್ಷಿಸುತ್ತೇವೆ. ರೋಗಿಯ ಕೈಗೆ ಏನೂ ಬರುವುದಿಲ್ಲ. ಇದನ್ನು ಬಿಡಿಸಿ ಹೇಳಬೇಕಿತ್ತು. ಆದರೆ ನಮ್ಮ ಕಡೆ ರಕ್ತ ಕೊಟ್ಟವರು ರಿಪೋರ್ಟು ಕೇಳದೆ ಬಿಡುತ್ತಾರೆಯೇ? ಇಲ್ಲ ಅಂದರೆ ತೋಳೇ ಚಾಚುವುದಿಲ್ಲ. ಹೊಸ ಪರೀಕ್ಷೆ, ಹೃದಯದ ಒಳಗುಟ್ಟೆಲ್ಲ ತಿಳಿಯುತ್ತೆ ಅಂದುಬಿಟ್ಟು ಮೊದಲ ರಕ್ತ ತೆಗೆದುಕೊಂಡೆ.

ಮರುದಿನ ಬೆಳಿಗ್ಗೆ ಅವರಿಗೆ ಮತ್ತೆ ಉಸಿರು ಕಟ್ಟತೊಡಗಿತು. ಮೈಸೂರಿಗೆ ಕರೆದೊಯ್ಯುವುದೇ ಒಳ್ಳೆಯದೆಂದು ಡ್ಯೂಟಿ ಡಾಕ್ಟರು ಹೇಳಿದರು. ಮದ್ದೂರಿನಿಂದ ಬಂದ ನಿಮ್ಮ ತಮ್ಮ ಶಿವಣ್ಣ ಆಗಲೇ ಆಂಬುಲೆನ್ಸ್ ಗೊತ್ತುಮಾಡಿ ಬಾಗಿಲಲ್ಲಿ ನಿಲ್ಲಿಸಿದ್ದ. ನೀವು ನನ್ನ ಮುಖ ನೋಡಿದಿರಿ.

"ರಿಪೋರ್ಟು ಬಂತೇನವ್ವ?"

ನನಗೆ ಬೇಕಿದ್ದದ್ದು ಎರಡನೆಯ ರಕ್ತ — ಚೇತರಿಸಿಕೊಂಡು ಡಿಸ್ಚಾರ್ಜ್ ಆಗುವಾಗ ತೆಗೆಯಬೇಕಾದದ್ದು. ಮೈಸೂರಿಗೆ ಹೋದರೆ ಅದು ತಪ್ಪಿಹೋಗುತ್ತಿತ್ತು. ಅದಕ್ಕೇ ಅಂದೆ —

"ನಾಳೆ ಬರುತ್ತೆ. ನೋಡಿಕೊಂಡೇ ಹೋಗಿ."

ನೀವು ತಮ್ಮನ ಕಡೆ ತಿರುಗಿದಿರಿ. "ರಿಪೋರ್ಟು ಬರ್ಲಿ ಇರ್ಲಾ. ನಾಳೀಕೆ ಓಗುವ."

ಶಿವಣ್ಣ ರೇಗಾಡಿದ. ಆಮೇಲೆ ಆಂಬುಲೆನ್ಸ್ ವಾಪಸ್ ಕಳಿಸಿದ. ಸಂಜೆಯೊಳಗೆ ಸಿದ್ದೇಗೌಡರು ಹೋಗಿಬಿಟ್ಟರು. ಎರಡನೆಯ ರಕ್ತವಿಲ್ಲವೆಂದು ಅವರ ಮೊದಲನೆಯದನ್ನೂ ನಾವು ಲೆಕ್ಕಕ್ಕೆ ಹಿಡಿಯಲಿಲ್ಲ.

ಮೈಸೂರಿಗೆ ಹೋಗಿದ್ದರೆ ಉಳಿಯುತ್ತಿದ್ದರೋ ಇಲ್ಲವೋ — ಗೊತ್ತಿಲ್ಲ. ಆ 'ಗೊತ್ತಿಲ್ಲ'ದ ಹಿಂದೆ ಇಷ್ಟು ವರ್ಷ ಅಡಗಿ ಕೂತಿದ್ದೆ. ಮೊನ್ನೆ ಮಳವಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಾಗ ನೀವೇ ಗುರುತು ಹಿಡಿದು, ಕೈ ಹಿಡಿದುಕೊಂಡು, ತಮ್ಮ ಅಂದಿನಿಂದ ನಿಮ್ಮ ಹೊಸ್ತಿಲು ತುಳಿದಿಲ್ಲ ಅಂದಿರಿ.

"ಅವ್ನು ಓಗುವ ಅಂದ. ನಾನೇ ಕಣವ್ವ, ತಡ್ದು ಸಾಯಿಸ್ಬುಟ್ಟೆ."

ನಾನು ಬಸ್ಸು ಬಂತೆಂದು ಕೈ ಬಿಡಿಸಿಕೊಂಡು ಹತ್ತಿಬಿಟ್ಟೆ. ಥೂ, ನನ್ನ ಜನ್ಮಕ್ಕೆ.

ತಡೆದದ್ದು ನೀವಲ್ಲ ಚಿಕ್ಕತಾಯಮ್ಮನವರೇ, ನಾನು. ಇವತ್ತೇ ಮದ್ದೂರಿಗೆ ಹೊರಟಿದ್ದೇನೆ, ಇದಿಷ್ಟನ್ನೂ ಶಿವಣ್ಣನ ಎದುರು ನಿಂತು ಹೇಳುತ್ತೇನೆ. ಅವನು ನಿಮ್ಮ ಬಾಗಿಲಿಗೆ ಬಂದರೆ ಒಳಗೆ ಕರೆಯಿರಿ. ನಾನು ಬಂದರೆ ಕರೆಯಬೇಡಿ.