ತೆಂಗಿನ ಮರವನ್ನು ಮನೆಗೇ ಕಟ್ಟಿದ್ದು

ಕಾಪುವಿನಲ್ಲಿರುವ ಅಮ್ಮನ ಹಂಚಿನ ಮನೆಯನ್ನು ಬಾಡಿಗೆಗೆ ಕೊಟ್ಟ ಮೇಲೆ ಅದರ ರಿಪೇರಿಯ ಉಸಾಬರಿ ನನ್ನ ಪಾಲಿಗೆ ಬಂತು. ಉಡುಪಿಯಿಂದ ಒಂದು ಪುಸ್ತಕ ತಂದು ಗೆರೆ ಎಳೆದೆ: ತಾರೀಕು, ಹಾನಿ, ಕಾರಣ, ಪರಿಹಾರ. ಬಾಡಿಗೆಗೆ ಬಂದವಳು ಮಣಿಪಾಲದಲ್ಲಿ ನರ್ಸ್. ಜೊತೆಗೆ ಅವಳ ಅಮ್ಮ, ಐದು ತಿಂಗಳ ಮಗು. ತೊಟ್ಟಿಲು ಕಟ್ಟುವಷ್ಟು ಗಟ್ಟಿಯಾದ ತೊಲೆ ಇದ್ದದ್ದು ನಡುಕೋಣೆಯಲ್ಲಿ ಮಾತ್ರ.

ಅದೇ ಕೋಣೆಯ ಮೇಲೆ ಪಕ್ಕದ ಮನೆಯ ತೆಂಗಿನ ಮರ ಗೋಡೆ ದಾಟಿ ವಾಲಿತ್ತು. ಜೂನ್ 8ರಂದು ಮೊದಲ ಕಾಯಿ ಬಿತ್ತು. ಜುಲೈ 6ರ ತನಕ ನನ್ನ ಲೆಕ್ಕ: ಕಾಯಿ ಏಳು, ಒಡೆದ ಹಂಚು ಹತ್ತೊಂಬತ್ತು. ಏಳನೆಯದು ಹಂಚಿನ ಸಮೇತ ತೊಟ್ಟಿಲಿನಿಂದ ಮೂರಡಿ ದೂರದಲ್ಲಿ ಬಿದ್ದಿತ್ತು. ಪುರಾವೆಗೆ ಇರಲಿ ಎಂದು ನಾನು ಹೇಳಿದ್ದಕ್ಕೆ ನರ್ಸ್ ಏಳೂ ಕಾಯಿಗಳ ಮೇಲೆ ತಾರೀಕು ಬರೆದು ಕಿಟಕಿಯ ಕೆಳಗೆ ಸಾಲಾಗಿ ಇಟ್ಟಿದ್ದಳು.

"ಅಕ್ಕ, ಎಂಟನೆಯದು ಮಗುವಿನ ಮೇಲೆ ಬಿದ್ದರೆ ಯಾವ ಕಾಲಮಿನಲ್ಲಿ ಬರೆಯುತ್ತೀರಿ?" ಎಂದು ಕೇಳಿದಳು.

ಪುಸ್ತಕ ಹಿಡಿದು ಪಕ್ಕದ ಮನೆಗೆ ಹೋದೆ. ಅಲ್ಲಿಯ ಹಿರಿಯರು ಕನ್ನಡಕ ಹಾಕಿ ಪೂರ್ತಿ ಓದಿದರು.

"ತೆಂಗಿನಕಾಯಿಗೆ ಕಣ್ಣುಂಟು ಮಾರಾಯ್ತಿ. ಮನುಷ್ಯರ ಮೇಲೆ ಬೀಳುವುದಿಲ್ಲ."

"ಹಂಚಿನ ಮೇಲೆ ಬಿದ್ದಿದೆಯಲ್ಲ?"

"ಹಂಚು ಎಂತ, ಮನುಷ್ಯನಾ?"

ಕಾಯಿ ಕೊಯ್ಯಿಸಲು ಒಪ್ಪಿದರು, ಮರ ಕಡಿಯಲು ಇಲ್ಲ. ಹೂಡೆಯಿಂದ ಮರ ಹತ್ತುವವನು ಬಂದ. ಕಾಯಿ ಇಳಿಸಿದ ಮೇಲೆ ಬುಡವನ್ನು ಕಾಲಲ್ಲಿ ಒತ್ತಿ ನೋಡಿ, ಇನ್ನು ಮರವೇ ಕೆಳಗೆ ಬರಬಹುದು, ತಂತಿಹಗ್ಗ ಹಾಕಿ ಕಟ್ಟಿಸಿ ಎಂದ. ಹಿರಿಯರ ಅಂಗಳದ ಹಲಸಿನ ಮರಕ್ಕೆ ಕಟ್ಟಿದ್ದರೆ ಸರಿಹೋಗುತ್ತಿತ್ತು. ಹಗ್ಗ ಅಡ್ಡ ಬಂದರೆ ಕಾರು ಒಳಗೆ ಬರುವುದಿಲ್ಲ ಎಂದು ಅವರು ಬಿಡಲಿಲ್ಲ.

"ಹೆದರಿಕೆ ನಿನ್ನದು. ಕಂಬವೂ ನಿನ್ನದೇ ಇರಲಿ."

ಪರಿಹಾರದ ಕಾಲಮಿನಲ್ಲಿ ನಾನು ಆಗಲೇ 'ಗಟ್ಟಿ ಕಂಬಕ್ಕೆ ಕಟ್ಟುವುದು' ಎಂದು ಬರೆದಾಗಿತ್ತು. ನಮ್ಮ ಜಗಲಿಯ ಕಂಬ ಗಟ್ಟಿಯೇ. ಜುಲೈ 9ರಂದು ಅದಕ್ಕೆ ಬಿಗಿಸಿ, ಟಿಕ್ ಹಾಕಿದೆ.

ಡ್ಯೂಟಿ ಮುಗಿಸಿ ಬಂದ ನರ್ಸ್ ಹಗ್ಗವನ್ನು ತುದಿಯಿಂದ ಬುಡದ ತನಕ ನೋಡಿದಳು. "ಬೀಳುವ ಕಡೆಗೇ ಎಳೆದು ಕಟ್ಟಿದ್ದೀರಲ್ಲ ಅಕ್ಕ!"

ಮರ ಹತ್ತುವವನಿಗೆ ಫೋನ್ ಮಾಡಿದರೆ, ಇನ್ನು ನಾಲ್ಕು ದಿನ ಪುರುಸೊತ್ತಿಲ್ಲ ಎಂದ. ಎರಡನೆಯ ದಿನ ಗಾಳಿ ಎದ್ದಿತು. ಬೆಳಿಗ್ಗೆಯೇ ನರ್ಸ್ ಫೋನ್ ಮಾಡಿದಳು: "ಮಗುವನ್ನು ಎತ್ತಿಕೊಂಡಿದ್ದೇನೆ. ತೊಟ್ಟಿಲು ತನ್ನಷ್ಟಕ್ಕೇ ತೂಗ್ತಾ ಉಂಟು. ನಾವು ಕಾರ್ಕಳಕ್ಕೆ, ಅಣ್ಣನ ಮನೆಗೆ ಹೊರಟೆವು."

ಹೋಗಿ ನೋಡಿದರೆ ಮರ ಕಂಬವನ್ನು ಎಳೆಯುತ್ತಿತ್ತು, ಕಂಬ ತೊಲೆಯನ್ನು. ಕೆಳಗೆ ಖಾಲಿ ತೊಟ್ಟಿಲು ತೂಗುತ್ತಿತ್ತು. ನಾನು ಗಡಿಯಾರ ನೋಡಿ ಎಣಿಸಿದೆ. ನಿಮಿಷಕ್ಕೆ ಹದಿನಾಲ್ಕು. ನರ್ಸ್ ಬ್ಯಾಗು ಹೊರಗಿಡುವುದನ್ನು ಕಂಡು ಬಂದ ಹಿರಿಯರು ಬಾಗಿಲಲ್ಲೇ ನಿಂತರು. ಬಹಳ ಹೊತ್ತು ತೊಟ್ಟಿಲನ್ನೇ ನೋಡಿದರು.

"ಬರೆಯುವುದು ಸಾಕು," ಎಂದರು ನನಗೆ. "ಮರ ಹೋಗಲಿ."

ಅವರೇ ಕಾರಿನಲ್ಲಿ ಹೂಡೆಗೆ ಹೋಗಿ ಮರ ಹತ್ತುವವನನ್ನು ಕೂರಿಸಿಕೊಂಡು ಬಂದರು. ಅವನು ಮರವನ್ನು ತುದಿಯಿಂದ ಒಂಬತ್ತು ತುಂಡು ಮಾಡಿ ಇಳಿಸಿದ. ನರ್ಸ್ ಬ್ಯಾಗುಗಳನ್ನು ಒಳಗೆ ತಂದಳು.

ಸಂಜೆ ತೊಟ್ಟಿಲು ಅಲುಗದೆ ನಿಂತಿತು. ಅದರಲ್ಲಿ ಮಲಗಿಸಿದ ಮಗು ಅಳಲು ಶುರುಮಾಡಿತು. ಹಿರಿಯರು ಚಪ್ಪಲಿ ಹೊರಗೆ ಬಿಟ್ಟು ಬಂದು, ನೆಲದಲ್ಲಿ ಕುಳಿತು ತೊಟ್ಟಿಲು ತೂಗತೊಡಗಿದರು.

"ಇಷ್ಟು ಅಪಾಯ ಉಂಟೆಂದು ಮೊದಲೇ ಹೇಳಬೇಕಿತ್ತು ಮಾರಾಯ್ತಿ," ಎಂದರು.

ನಾನು ಪುಸ್ತಕ ತೆರೆಯಲಿಲ್ಲ.